ಬಾಳೆ ಮೊದಲೋ, ಅಕ್ಕಿ ಮೊದಲೋ: ಬಿಡುಗಡೆಗೆ ಮುಂಚಿನ ಆವೃತ್ತಿಗಳಿಗೆ ಹೆಸರಿಡುವ ಲೆಕ್ಕ

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು, ಪರ್ಯಾಯ. ಅದಕ್ಕೆ ಮುಂಚೆ ನಾಲ್ಕು ಮುಹೂರ್ತಗಳಾಗಬೇಕು: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ರಥಬೀದಿಯಲ್ಲಿ ಯಾರನ್ನು ಕೇಳಿದರೂ ಈ ಕ್ರಮ ತಪ್ಪದೆ ಹೇಳುತ್ತಾರೆ. ಇದೇ ನಾಲ್ಕು ಹೆಸರನ್ನು ಕಂಪ್ಯೂಟರಿಗೆ ಕೊಟ್ಟು ಸಾಲಾಗಿ ಜೋಡಿಸು ಎಂದರೆ ಅದು ಅಕ್ಕಿ, ಕಟ್ಟಿಗೆ, ಬಾಳೆ, ಭತ್ತ ಎನ್ನುತ್ತದೆ. ಎಲ್ಲಕ್ಕಿಂತ ಮೊದಲು ನೆಟ್ಟ ಬಾಳೆ ಮೂರನೆಯ ಜಾಗಕ್ಕೆ ಹೋಯಿತು. ಅದಕ್ಕೆ ಅಕಾರಾದಿ ಗೊತ್ತು, ಸಂಪ್ರದಾಯ ಗೊತ್ತಿಲ್ಲ.

ಮುಕ್ತ ತಂತ್ರಾಂಶದಲ್ಲಿ ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಹೊರಬಿಡುವ ಆವೃತ್ತಿಗಳಿಗೆ ಆಲ್ಫಾ, ಬೀಟಾ, ಆರ್‌ಸಿ ಎಂದು ಹೆಸರಿಡುವಾಗ ಆಗುವ ಹೆಚ್ಚಿನ ಎಡವಟ್ಟುಗಳು ಈ ಜಾತಿಯವೇ. ಹೆಸರನ್ನು ಓದುವವರು ಇಬ್ಬರು. ಮನುಷ್ಯ ಅದರಲ್ಲಿ ಅರ್ಥ ಹುಡುಕುತ್ತಾನೆ, ತಂತ್ರಾಂಶ ಇಳಿಸಿ ಅಪ್‌ಡೇಟ್ ಮಾಡುವ ಪ್ಯಾಕೇಜ್ ಮ್ಯಾನೇಜರ್ ಸರದಿ ಮಾತ್ರ ನೋಡುತ್ತದೆ. ಮನುಷ್ಯನಿಗೆ ತಪ್ಪು ಅರ್ಥವಾದರೆ ಒಂದು ಮೇಲ್ ಬರೆದು ಸರಿಮಾಡಬಹುದು. ಸರದಿ ತಪ್ಪಿದರೆ ಬಳಕೆದಾರರ ಯಂತ್ರದಲ್ಲಿ ಬೀಟಾ ಕೂತೇ ಬಿಡುತ್ತದೆ, ಅಸಲಿ ಬಿಡುಗಡೆ ಬಂದರೂ ಅಪ್‌ಡೇಟ್ ಆಗುವುದಿಲ್ಲ. ಹಾಗಾಗಿ ಹೆಸರು ಆರಿಸುವಾಗ ಮೊದಲು ಸರದಿ ನೋಡಿ, ಅರ್ಥ ಆಮೇಲೆ.

ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಆಲ್ಫಾ, ಬೀಟಾ, ಆರ್‌ಸಿ ತಮ್ಮ ನಿಜವಾದ ಕ್ರಮದಲ್ಲೇ ನಿಲ್ಲುತ್ತವೆ. ಅದು ನಮ್ಮ ಅದೃಷ್ಟ ಅಷ್ಟೇ. ಈ ಲೇಖನದಲ್ಲಿ ಓದಲು ಸುಲಭವಾಗಲೆಂದು ಆವೃತ್ತಿಗಳನ್ನು ಕನ್ನಡದಲ್ಲೇ ಬರೆದಿದೆ; ನಿಜವಾದ ಟ್ಯಾಗಿನಲ್ಲಿ, ಅಂದರೆ ಕೋಡಿಗೆ ಅಂಟಿಸುವ ಆವೃತ್ತಿಯ ಚೀಟಿಯಲ್ಲಿ, ಅವು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಕನ್ನಡದಲ್ಲಿ ಸಾಲು ಹಿಡಿದರೆ ಆರ್‌ಸಿ ಬೀಟಾಕ್ಕಿಂತ ಮೊದಲು ಬಂದು ನಿಲ್ಲುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡು ಹೋಗುವ. ಮಣಿಪಾಲದ ಮೂವರು ಸೇರಿ ತುಳು ಟೈಪ್ ಮಾಡುವ ಕೀಬೋರ್ಡ್ ತಯಾರಿಸುತ್ತಿದ್ದಾರೆ ಎಂದುಕೊಳ್ಳಿ. ಜನರ ಕೈಯಲ್ಲಿರುವುದು 1.3.2. ಮುಂದೆ ಬರಬೇಕಾದದ್ದು 1.4.0, ಅದರಲ್ಲಿ ತುಳು-ತಿಗಳಾರಿ ಲಿಪಿಯ ಕೀಲಿಗಳೂ ಸೇರಬೇಕು. ಆ ಲಿಪಿ ಯೂನಿಕೋಡಿಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ, 16.0 ಆವೃತ್ತಿಯೊಂದಿಗೆ. ಆ ಆವೃತ್ತಿಯೂ ಆಲ್ಫಾ, ಬೀಟಾ ಪರಿಶೀಲನೆಗಳನ್ನು ದಾಟಿಯೇ ಹೊರಬಂದದ್ದು.

ಮೊದಲ ತಪ್ಪು ಇಲ್ಲೇ ಆಗುತ್ತದೆ. 1.3.2 ಹೊರಬಂದ ಮೇಲೆ ಹೊಸ ಕೆಲಸ ಶುರುಮಾಡಿ, ಅದಕ್ಕೆ 1.3.2-ಬೀಟಾ ಎಂದು ಹೆಸರಿಡುವವರಿದ್ದಾರೆ. “1.3.2 ಆದ ಮೇಲಿನ ಬೀಟಾ” ಎಂಬುದು ಅವರ ಮನಸ್ಸಿನ ಅರ್ಥ. ಯಂತ್ರ ಓದುವುದು “1.3.2ಕ್ಕೆ ಮುಂಚಿನ ಬೀಟಾ” ಎಂದು. ಅಡ್ಡಗೆರೆಯ ನಂತರದ ಬಾಲಕ್ಕೆ ಮುಂಚೆ ಇರುವ ಅಂಕಿ ಮುಂದೆ ಬರಲಿರುವುದರದ್ದು, ಹಿಂದೆ ಬಂದದ್ದರದ್ದಲ್ಲ. 1.4.0-ಬೀಟಾ.1 ಎಂದೇ ಬರೆಯಬೇಕು. ಮುಂದಿನದು 1.4.0 ಆಗುತ್ತದೋ 2.0.0 ಆಗುತ್ತದೋ ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಚಿಕ್ಕ ಅಂಕಿಯಲ್ಲೇ ಆಲ್ಫಾ ಶುರುಮಾಡಿ. 1.4.0-ಆಲ್ಫಾ.3 ಆದ ಮೇಲೆ 2.0.0-ಆಲ್ಫಾ.1ಕ್ಕೆ ಹಾರಬಹುದು, ಕೆಳಗೆ ಇಳಿಯಲು ಬರುವುದಿಲ್ಲ.

ಹೆಸರು ಕೊಡುವ ಮಾತು

ಆಲ್ಫಾ ಎಂದರೆ ಏನು ಬೇಕಾದರೂ ಬದಲಾದೀತು ಎಂದು ಅರ್ಥ. ನಮ್ಮ ಕೀಬೋರ್ಡಿನಲ್ಲಿ ಕೀಲಿಗಳ ಜಾಗ, ಸೆಟ್ಟಿಂಗ್ ಫೈಲಿನ ರಚನೆ, ಬಳಕೆದಾರ ಕಲಿಸಿದ ಪದಗಳ ಪಟ್ಟಿ, ಯಾವುದೂ ಮುಂದಿನ ಆಲ್ಫಾದಲ್ಲಿ ಉಳಿಯುವ ಖಾತರಿ ಇಲ್ಲ. ಬೀಟಾ ಎಂದರೆ ಹೊಸ ಸೌಲಭ್ಯ ಸೇರಿಸುವ ಬಾಗಿಲು ಮುಚ್ಚಿತು, ಇನ್ನು ಬಗ್ ಮಾತ್ರ. ಪೈಥಾನ್ ಭಾಷೆಯವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ: ಬೀಟಾ 1 ಬಂದ ದಿನದಿಂದ ಹೊಸದಕ್ಕೆ ಪ್ರವೇಶವಿಲ್ಲ.

ಆರ್‌ಸಿ, ಅಂದರೆ ರಿಲೀಸ್ ಕ್ಯಾಂಡಿಡೇಟ್, ಇವೆರಡಕ್ಕಿಂತ ಭಾರವಾದ ಮಾತು. “ಇನ್ನೇನೂ ದೊಡ್ಡದು ಸಿಗದಿದ್ದರೆ ಇದೇ ಕೋಡ್ 1.4.0 ಆಗುತ್ತದೆ” ಎಂದು ಹೇಳಿದ ಹಾಗೆ. ಕೊನೆಯ ಆರ್‌ಸಿಗೂ ಅಸಲಿ ಬಿಡುಗಡೆಗೂ ನಡುವೆ ಬದಲಾಗಬೇಕಾದದ್ದು ಆವೃತ್ತಿ ಸಂಖ್ಯೆ ಮಾತ್ರ. ಒಂದೇ ಒಂದು ಸಾಲು ತಿದ್ದಿದರೂ ಇನ್ನೊಂದು ಆರ್‌ಸಿ ಬಿಡಬೇಕು. “ಸಣ್ಣದೇ ಅಲ್ವಾ, ನೇರ ಫೈನಲ್ಲಿಗೆ ಹಾಕುವ” ಎಂದು ಹಾಕಿದ ತಿದ್ದುಪಡಿಯನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಪೈಥಾನ್ 3.13 ಈ ಮಾತಿಗೆ ಒಳ್ಳೆಯ ಸಾಕ್ಷಿ. 2024ರ ಅಕ್ಟೋಬರ್ 1ಕ್ಕೆ ಅದು ಹೊರಬರಬೇಕಿತ್ತು. ಮೆಮೊರಿಯ ಕಸ ಗುಡಿಸುವ ಹೊಸ ಗಾರ್ಬೇಜ್ ಕಲೆಕ್ಟರ್ ಕೆಲವು ಕೆಲಸಗಳನ್ನು ನಿಧಾನ ಮಾಡುತ್ತಿದೆ ಎಂದು ಕೊನೆಯ ಗಳಿಗೆಯಲ್ಲಿ ಗೊತ್ತಾಗಿ, ಅದನ್ನು ಹಿಂತೆಗೆದರು. ಅದು ಸಣ್ಣ ಬದಲಾವಣೆಯಲ್ಲ. ಹಾಗಾಗಿ ಅಕ್ಟೋಬರ್ 1ಕ್ಕೆ ಬಂದದ್ದು ಆರ್‌ಸಿ3, 3.13.0 ಬಂದದ್ದು 7ಕ್ಕೆ. ಯೋಜನೆಯಲ್ಲಿ ಇಲ್ಲದಿದ್ದ ಮೂರನೆಯ ಆರ್‌ಸಿ ಅದು, ಆದರೆ ಹೆಸರಿನ ಮಾತು ಉಳಿಯಿತು.

ಲಿನಕ್ಸಿನ ತಿರುಳಾದ ಕರ್ನೆಲ್ ಇದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತದೆ. ಅಲ್ಲಿ ಎರಡು ವಾರ ಹೊಸ ಕೋಡ್ ಒಳಗೆ ಬರುತ್ತದೆ. ಆ ಕಿಟಕಿ ಮುಚ್ಚಿದ ಭಾನುವಾರ ಲಿನಸ್ ಟೊರ್ವಾಲ್ಡ್ಸ್ ಆರ್‌ಸಿ1 ಬಿಡುತ್ತಾರೆ. ಆಮೇಲೆ ವಾರಕ್ಕೊಂದು, ಸಾಮಾನ್ಯವಾಗಿ ಆರ್‌ಸಿ7ರವರೆಗೆ, ಕೆಲವೊಮ್ಮೆ 8. ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳ ಗಲಾಟೆಯ ನಡುವೆ 2018ರ ಜನವರಿಯಲ್ಲಿ ಬಂದ 4.15ಕ್ಕೆ ಆರ್‌ಸಿ9 ಬೇಕಾಯಿತು. ಕರ್ನೆಲ್‌ನ ಆರ್‌ಸಿ1 ನಿಜಕ್ಕೂ ಕ್ಯಾಂಡಿಡೇಟ್ ಅಲ್ಲ, ಬೇರೆಯವರ ಲೆಕ್ಕದಲ್ಲಿ ಅದು ಬೀಟಾ. ಅವರಿಗೆ ಅದು ನಡೆಯುತ್ತದೆ, ಯಾಕೆಂದರೆ ಬಳಸುವವರಿಗೆಲ್ಲ ಆ ರೂಢಿ ಗೊತ್ತು. ಮೂವರ ಪ್ರಾಜೆಕ್ಟಿನಲ್ಲಿ ಅದನ್ನು ನೋಡಿ ಆರ್‌ಸಿ9 ಎಂದು ಬರೆದರೆ, ಎಂಟು ಸಲ ಎಡವಿದ್ದಾರೆ ಎಂದೇ ಜನ ಓದುತ್ತಾರೆ.

ಕನ್ನಡ, ತುಳು ಅನುವಾದಕರು ಇರುವ ಪ್ರಾಜೆಕ್ಟಿಗೆ ಇನ್ನೊಂದು ಗೆರೆ ಬೇಕು: ತೆರೆಯ ಮೇಲೆ ಕಾಣುವ ಪದಗಳು ಇನ್ನು ಬದಲಾಗವು ಎಂಬ ಗೆರೆ. ಅದನ್ನು ಕೊನೆಯ ಬೀಟಾದ ಹೊತ್ತಿಗೆ ಎಳೆದು, ಆರ್‌ಸಿಗೆ ಮುಂಚೆ ಒಂದು ವಾರವಾದರೂ ಬಿಡಿ. ಆರ್‌ಸಿ ಬಂದ ಮೇಲೆ ಗುಂಡಿಯ ಹೆಸರು ಬದಲಾಯಿಸಿದರೆ ಅನುವಾದದ ಫೈಲಿನಲ್ಲಿ ಆ ಸಾಲು ತಪ್ಪಿ, ಇಡೀ ಕನ್ನಡ ಮೆನುವಿನಲ್ಲಿ ಒಂದು ಇಂಗ್ಲಿಷ್ ಪದ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ.

ಸರದಿಯ ಲೆಕ್ಕ

ಹೆಚ್ಚು ಬಳಕೆಯಲ್ಲಿರುವ ನಿಯಮಾವಳಿ ಸೆಮ್ಯಾಂಟಿಕ್ ವರ್ಷನಿಂಗ್ 2.0.0, ಬಾಯಿಮಾತಿನಲ್ಲಿ ಸೆಮ್‌ವರ್. ಅದರ ಪ್ರಕಾರ ಮೂರು ಅಂಕಿಗಳಾದ ಮೇಲೆ ಅಡ್ಡಗೆರೆ, ಅದರ ನಂತರ ಚುಕ್ಕಿಯಿಂದ ಬೇರ್ಪಟ್ಟ ತುಂಡುಗಳು. ಒಂದೊಂದು ತುಂಡನ್ನೂ ಎಡದಿಂದ ಹೋಲಿಸುತ್ತಾ ಹೋಗುತ್ತದೆ. ತುಂಡಿನಲ್ಲಿ ಅಂಕಿ ಮಾತ್ರ ಇದ್ದರೆ ಸಂಖ್ಯೆಯಾಗಿ ಹೋಲಿಕೆ. ಅಕ್ಷರ ಸೇರಿದ್ದರೆ ಅಕಾರಾದಿಯಾಗಿ. ಅಂಕಿಯ ತುಂಡು ಯಾವಾಗಲೂ ಅಕ್ಷರದ ತುಂಡಿಗಿಂತ ಹಳೆಯದು. ಅಲ್ಲಿಯವರೆಗೆ ಎಲ್ಲ ಸಮ ಇದ್ದರೆ ಹೆಚ್ಚು ತುಂಡುಗಳಿರುವುದು ಹೊಸದು. ಬಾಲ ಇಲ್ಲದ 1.4.0 ಎಲ್ಲಕ್ಕಿಂತ ಹೊಸದು.

ಬೀಟಾ ಮತ್ತು 2ರ ನಡುವಿನ ಚುಕ್ಕಿ ಯಾಕೆ ಮುಖ್ಯ ಎಂದು ಈಗ ಗೊತ್ತಾಗುತ್ತದೆ. ಬೀಟಾ.2, ಬೀಟಾ.11 ಎಂದು ಬರೆದರೆ 2 ಮತ್ತು 11 ಸಂಖ್ಯೆಗಳಾಗಿ ಹೋಲಿಕೆಯಾಗಿ 11 ಹೊಸದಾಗುತ್ತದೆ. ಚುಕ್ಕಿ ಬಿಟ್ಟು ಬೀಟಾ2, ಬೀಟಾ11 ಎಂದರೆ ಎರಡೂ ಅಕ್ಷರದ ತುಂಡುಗಳು. ಮೊದಲು ವ್ಯತ್ಯಾಸವಾಗುವ ಜಾಗದಲ್ಲಿ 1 ಎಂಬುದು 2ಕ್ಕಿಂತ ಮುಂಚೆ ಬರುವುದರಿಂದ ಬೀಟಾ11 ಹಳೆಯದೆಂದು ಲೆಕ್ಕ. ಒಂಬತ್ತು ಬೀಟಾದವರೆಗೆ ಎಲ್ಲ ಸರಿ ಇರುತ್ತದೆ, ಹತ್ತನೆಯದಕ್ಕೆ ಗುಟ್ಟು ಬಯಲು. ಹಾಗೆಂದು ಬೀಟಾ.02 ಎಂದು ಸೊನ್ನೆ ತುಂಬಿಸುವ ಹಾಗೂ ಇಲ್ಲ. ಅಂಕಿಯ ತುಂಡು ಸೊನ್ನೆಯಿಂದ ಶುರುವಾದರೆ ಸೆಮ್‌ವರ್ ಒಪ್ಪುವುದಿಲ್ಲ.

ದೊಡ್ಡಕ್ಷರವೂ ಬೇಡ. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ದೊಡ್ಡ ಅಕ್ಷರಗಳೆಲ್ಲ ಸಣ್ಣವಕ್ಕಿಂತ ಮೊದಲು ಬರುತ್ತವೆ. ಆಲ್ಫಾ, ಬೀಟಾಗಳನ್ನು ಸಣ್ಣಕ್ಷರದಲ್ಲಿ ಬರೆದು, ಆರ್‌ಸಿ ಎಂಬುದು ಸಂಕ್ಷೇಪ ತಾನೇ ಎಂದು ದೊಡ್ಡಕ್ಷರದಲ್ಲಿ ಬರೆದರೆ ಅದು ಆಲ್ಫಾಕ್ಕಿಂತಲೂ ಹಳೆಯದಾಗಿ ಕೂರುತ್ತದೆ.

ಬೇರೆ ಪದಗಳು ಎಲ್ಲಿ ಬೀಳುತ್ತವೆ ನೋಡಿ. “ಡೆವ್” ಎಂದರೆ ಎಲ್ಲಕ್ಕಿಂತ ಕಚ್ಚಾ ಮಾಲು ಎಂಬ ಭಾವನೆ. ಅಕಾರಾದಿಯಲ್ಲಿ ಅದು ಬೀಟಾದ ನಂತರ, ಆರ್‌ಸಿಗೆ ಮುಂಚೆ. “ನೈಟ್ಲಿ”, “ಪ್ರಿವ್ಯೂ” ಕೂಡ ಅಲ್ಲಿಯೇ. “ಸ್ನ್ಯಾಪ್‌ಶಾಟ್” ಆರ್‌ಸಿಯ ನಂತರ. ಎಲ್ಲಕ್ಕಿಂತ ತಮಾಷೆಯದು 1.4.0-ಫೈನಲ್. ಅಡ್ಡಗೆರೆ ಇರುವುದರಿಂದ ಅದು ಬಿಡುಗಡೆಗೆ ಮುಂಚಿನದು, ಸಾಲದ್ದಕ್ಕೆ ಆರ್‌ಸಿಗಿಂತ ಹಳೆಯದು. ದಿನನಿತ್ಯ ಕೋಡಿನಿಂದ ಕಟ್ಟುವ ಬಿಲ್ಡುಗಳು ಎಲ್ಲಕ್ಕಿಂತ ಕೆಳಗೆ ಇರಬೇಕಾದರೆ 1.4.0-0.ಡೆವ್.20250610 ಎಂದು ಬರೆಯುವ ಉಪಾಯ ಉಂಟು. ಮೊದಲ ತುಂಡು 0 ಎಂಬ ಅಂಕಿ, ಆದ್ದರಿಂದ ಅದು ಆಲ್ಫಾಕ್ಕಿಂತ ಹಳೆಯದೇ.

ಬಿಲ್ಡಿನ ಹೆಸರಿಗೆ ಗಿಟ್ ಎಂಬ ಉಪಕರಣ ಪ್ರತಿ ಕಮಿಟ್‌ಗೆ, ಅಂದರೆ ದಾಖಲಾದ ಬದಲಾವಣೆಗೆ, ಕೊಡುವ ಗುರುತಿನ ಮೊದಲ ಏಳು ಅಕ್ಷರ (0ರಿಂದ 9, ಎಯಿಂದ ಎಫ್) ಅಂಟಿಸುವುದು ಎಲ್ಲರ ಅಭ್ಯಾಸ. ಅದರಲ್ಲಿ ಅಪರೂಪಕ್ಕೆ ಕಚ್ಚುವ ಒಂದು ಹುಳ ಉಂಟು. ಆ ಏಳೂ ಅಂಕಿಗಳೇ ಆಗಿಬಿಡುವ ಸಾಧ್ಯತೆ ಸುಮಾರು 27ರಲ್ಲಿ ಒಂದು. ಅದರಲ್ಲೂ ಮೊದಲನೆಯದು ಸೊನ್ನೆಯಾಗುವುದು ಸುಮಾರು 270ರಲ್ಲಿ ಒಂದು. ಆ ದಿನ ಸೆಮ್‌ವರ್ ನಿಯಮ ಮುರಿದು ಬಿಲ್ಡ್ ಬೀಳುತ್ತದೆ. ಇನ್ನೊಂದು ಕಮಿಟ್ ಹಾಕಿದ ಕೂಡಲೇ ತಾನಾಗಿ ಸರಿಯಾಗುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಕಮಿಟ್ ಗುರುತನ್ನು + ಚಿಹ್ನೆಯ ನಂತರ ಹಾಕಿದರೆ ಈ ತೊಂದರೆ ಇಲ್ಲ: ಅಲ್ಲಿ ಮೊದಲ ಸೊನ್ನೆಗೂ ಅವಕಾಶ ಉಂಟು, ಸರದಿಯ ಲೆಕ್ಕಕ್ಕೂ ಅದು ಬರುವುದಿಲ್ಲ. ಆದರೆ ತಂತ್ರಾಂಶವನ್ನು ಪೆಟ್ಟಿಗೆ ಕಟ್ಟಿ ಹಂಚುವ ಡಾಕರ್‌ನ ಟ್ಯಾಗಿನಲ್ಲಿ + ನಡೆಯುವುದಿಲ್ಲ. ಅಲ್ಲಿಗೆ ಕಳುಹಿಸುವವರು ಗಿಟ್ ಡಿಸ್ಕ್ರೈಬ್ ಎಂಬ ಆದೇಶ ಮಾಡುವ ಹಾಗೆ ಮುಂದೆ ಒಂದು “ಜಿ” ಅಂಟಿಸಿದರಾಯಿತು.

ಗಿಟ್ ಡಿಸ್ಕ್ರೈಬ್ ಎಂದಾಗ ಇನ್ನೊಂದು. 1.3.2 ಟ್ಯಾಗ್ ಆದ ಮೇಲೆ 14 ಕಮಿಟ್ ಆಗಿದ್ದರೆ ಅದು 1.3.2-14-ಜಿ… ಎಂಬ ಹೆಸರು ಕೊಡುತ್ತದೆ. ಅದನ್ನು ಹಾಗೆಯೇ ಪ್ಯಾಕೇಜಿಗೆ ಹಾಕಿದರೆ ಸೆಮ್‌ವರ್ ಅದನ್ನು 1.3.2ಕ್ಕಿಂತ ಹಳೆಯದೆಂದು ಓದುತ್ತದೆ. ನಿಜಕ್ಕೂ ಅದು 14 ಕಮಿಟ್‌ಗಳಷ್ಟು ಹೊಸದು.

ಅಂಗಡಿಗೊಂದು ಲೆಕ್ಕ

ಎಲ್ಲ ಕಡೆ ಸೆಮ್‌ವರ್ ನಡೆದಿದ್ದರೆ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು. ನಮ್ಮ ಕೀಬೋರ್ಡ್ ಜಾವಾಸ್ಕ್ರಿಪ್ಟಿನ ಭಂಡಾರವಾದ ಎನ್‌ಪಿಎಂಗೂ ಹೋಗಬೇಕು, ಪೈಥಾನಿನ ಭಂಡಾರವಾದ ಪೈಪಿಐಗೂ, ಡೆಬಿಯನ್ ಎಂಬ ಲಿನಕ್ಸಿನ ಪ್ಯಾಕೇಜಾಗಿಯೂ, ಆಂಡ್ರಾಯ್ಡ್ ಆ್ಯಪ್ ಆಗಿಯೂ. ಒಂದೇ ಬೀಟಾಕ್ಕೆ ನಾಲ್ಕು ವೇಷ.

ಎನ್‌ಪಿಎಂನಲ್ಲಿ ಅದು 1.4.0-ಬೀಟಾ.2. ^1.3.0, ಅಂದರೆ 1.3.0ರಿಂದ ಮೇಲೆ 2.0.0ರ ಒಳಗಿನದು, ಎಂದು ಬರೆದುಕೊಂಡವರಿಗೆ ಈ ಬೀಟಾ ಹೋಗುವುದಿಲ್ಲ, ಇದು ಒಳ್ಳೆಯ ಬೇಲಿ. ಬೇಲಿಯಲ್ಲಿ ಒಂದು ಕಂಡಿ ಉಂಟು: ಪ್ರಕಟಿಸುವಾಗ “ನೆಕ್ಸ್ಟ್” ಅಥವಾ “ಬೀಟಾ” ಎಂದು ಟ್ಯಾಗ್ ಹೇಳದಿದ್ದರೆ ಹಳೆಯ ಎನ್‌ಪಿಎಂಗಳು ಅದನ್ನು “ಲೇಟೆಸ್ಟ್” ಹಲಗೆಯ ಕೆಳಗೆ ಇಡುತ್ತವೆ. ಆಮೇಲೆ ಆವೃತ್ತಿ ಹೇಳದೆ ಇನ್‌ಸ್ಟಾಲ್ ಮಾಡಿದವರಿಗೆಲ್ಲ ಬೀಟಾ. ಆ ತಪ್ಪಾದರೆ ಪ್ಯಾಕೇಜ್ ಅಳಿಸಲು ಓಡಬೇಡಿ, “ಲೇಟೆಸ್ಟ್” ಹಲಗೆಯನ್ನು ತಿರುಗಿ 1.3.2ರ ಮೇಲೆ ಇಟ್ಟರೆ ಸಾಕು.

ಪೈಥಾನಿನಲ್ಲಿ ಅದೇ 1.4.0ಬಿ2, ಅಡ್ಡಗೆರೆ ಇಲ್ಲ, ಚುಕ್ಕಿ ಇಲ್ಲ. ನೀವು ಉದ್ದಕ್ಕೆ ಬರೆದರೂ ಅದು ತಾನೇ ಹೀಗೆ ಕುಗ್ಗಿಸಿಕೊಳ್ಳುತ್ತದೆ. ಇಲ್ಲಿ “ಡೆವ್” ಸರಿಯಾಗಿ ಎಲ್ಲಕ್ಕಿಂತ ಕೆಳಗೆ: 1.4.0.ಡೆವ್1, ಆಮೇಲೆ ಎ1, ಬಿ1, ಆರ್‌ಸಿ1, 1.4.0, ಕೊನೆಗೆ ಪೋಸ್ಟ್1. ಪೈಪಿಐಯಿಂದ ಇಳಿಸಿ ಹಾಕುವ ಪಿಪ್ ತಾನಾಗಿ ಬೀಟಾ ಹಾಕುವುದಿಲ್ಲ, “ಪ್ರೀ” ಎಂಬ ಆಯ್ಕೆ ಕೊಡಬೇಕು. ಆದರೆ ಪೈಪಿಐಯಲ್ಲಿ ಬೀಟಾಗಳು ಮಾತ್ರ ಇದ್ದು ಅಸಲಿ ಬಿಡುಗಡೆ ಒಂದೂ ಇಲ್ಲದಿದ್ದರೆ ಕೇಳದೆಯೂ ಬೀಟಾವನ್ನೇ ಹಾಕುತ್ತದೆ. ಹೊಸ ಪ್ರಾಜೆಕ್ಟಿನವರು ಇದನ್ನು ಮರೆಯಬಾರದು.

ಜಾವಾ ಭಾಷೆಯವರ ಬಿಲ್ಡ್ ಉಪಕರಣ ಮೇವನ್‌ನಲ್ಲಿ ಪದಗಳ ಪಟ್ಟಿಯೇ ಬೇರೆ: ಆಲ್ಫಾ, ಬೀಟಾ, ಮೈಲ್‌ಸ್ಟೋನ್, ಆರ್‌ಸಿ, ಸ್ನ್ಯಾಪ್‌ಶಾಟ್, ಕೊನೆಗೆ ಬರಿಯ ಸಂಖ್ಯೆ. ಅಲ್ಲಿ ಸ್ನ್ಯಾಪ್‌ಶಾಟ್ ಎಂಬ ಹೆಸರಿನ ಒಳಗಿನ ಮಾಲು ದಿನದಿಂದ ದಿನಕ್ಕೆ ಬದಲಾಗುತ್ತದೆ, ಅದನ್ನು ನೆಚ್ಚಿ ಬಿಡುಗಡೆ ಮಾಡುವ ಹಾಗಿಲ್ಲ.

ಡೆಬಿಯನ್ನಿನ ಲೆಕ್ಕ ಸ್ವಲ್ಪ ನಿಂತು ನೋಡಬೇಕಾದದ್ದು. ಅಲ್ಲಿ ಅಡ್ಡಗೆರೆಗೆ ಬೇರೆ ಕೆಲಸ: ಮೂಲ ತಂತ್ರಾಂಶದ ಸಂಖ್ಯೆಯನ್ನೂ ಪ್ಯಾಕೇಜ್ ಕಟ್ಟಿದವರ ಸಂಖ್ಯೆಯನ್ನೂ ಬೇರ್ಪಡಿಸುವುದು. 1.4.0-ಬೀಟಾ.2 ಎಂದು ಹಾಗೆಯೇ ಕೊಟ್ಟರೆ ಅದು “ಮೂಲ 1.4.0, ಪ್ಯಾಕೇಜಿನ ತಿದ್ದುಪಡಿ ಬೀಟಾ.2” ಎಂದು ಓದುತ್ತದೆ. ಮುಂದೆ ಅಸಲಿ 1.4.0-1 ಬಂದಾಗ ಮೂಲ ಸಂಖ್ಯೆ ಸಮ. ಉಳಿದದ್ದರಲ್ಲಿ ಅಕ್ಷರದಿಂದ ಶುರುವಾದ ಬೀಟಾ.2 ಎಂಬುದು ಬರಿಯ 1ಕ್ಕಿಂತ ಹೊಸದು. ಬೀಟಾ ಹಾಕಿಕೊಂಡವರಿಗೆ ಬಿಡುಗಡೆ ತಲುಪುವುದೇ ಇಲ್ಲ. ಇದಕ್ಕಾಗಿ ಅಲ್ಲಿ ~ ಎಂಬ ಚಿಹ್ನೆ ಇಟ್ಟಿದ್ದಾರೆ, ಹೆಸರು ಟಿಲ್ಡೆ. ಅದು ಎಲ್ಲಕ್ಕಿಂತ ಹಳೆಯದು, ಏನೂ ಇಲ್ಲದ ಜಾಗಕ್ಕಿಂತಲೂ ಹಳೆಯದು. 1.4.0~ಬೀಟಾ.2-1 ಎಂದು ಬರೆದರೆ 1.4.0-1ಕ್ಕಿಂತ ಕೆಳಗೆ ನಿಲ್ಲುತ್ತದೆ. ಇನ್ನೊಂದು ಲಿನಕ್ಸ್ ಆದ ಫೆಡೋರಾದ ಆರ್‌ಪಿಎಂ ಪ್ಯಾಕೇಜ್ ಕೂಡ ಇದೇ ಟಿಲ್ಡೆಯನ್ನು ಒಪ್ಪುತ್ತದೆ.

ಆಂಡ್ರಾಯ್ಡ್‌ಗೆ ಹೆಸರು ಬೇಕಾಗಿಯೇ ಇಲ್ಲ. ಬಳಕೆದಾರನಿಗೆ ಕಾಣುವ ವರ್ಷನ್ ನೇಮ್ ಬರಿಯ ಅಲಂಕಾರ. ಫೋನು ನೋಡುವುದು ವರ್ಷನ್ ಕೋಡ್ ಎಂಬ ಒಂದು ಪೂರ್ಣಾಂಕವನ್ನು. ದೊಡ್ಡದರ ಮೇಲೆ ಚಿಕ್ಕದನ್ನು ಅದು ಹಾಕುವುದಿಲ್ಲ. ಹಾಗಾಗಿ ಬಾಲವನ್ನೂ ಅಂಕಿಯಾಗಿ ಮಾಡಿಕೊಳ್ಳಬೇಕು. ಒಂದು ಸರಳ ವಿಧಾನ: ಮೊದಲ ಅಂಕಿಗೆ 10,00,000, ಎರಡನೆಯದಕ್ಕೆ 10,000, ಮೂರನೆಯದಕ್ಕೆ 100ರಿಂದ ಗುಣಿಸಿ. ಕೊನೆಯ ಎರಡು ಸ್ಥಾನ ಹಂತಕ್ಕೆ: ಆಲ್ಫಾ 1ರಿಂದ 29, ಬೀಟಾ 31ರಿಂದ 59, ಆರ್‌ಸಿ 61ರಿಂದ 89, ಬಿಡುಗಡೆ 90. ಆಗ 1.4.0-ಬೀಟಾ.2 ಎಂಬುದು 1040032, ಆರ್‌ಸಿ.1 ಎಂಬುದು 1040061, ಬಿಡುಗಡೆ 1040090. ಪ್ಲೇ ಸ್ಟೋರ್ ಒಪ್ಪುವ ಗರಿಷ್ಠ ಸಂಖ್ಯೆ 210,00,00,000, ಅದಕ್ಕೆ ಇದು ಬಹಳ ದೂರ. ಬಿಲ್ಡಿನ ದಿನಾಂಕ, ಗಂಟೆ, ನಿಮಿಷವನ್ನೇ ಕೋಡ್ ಆಗಿ ಹಾಕುವವರು ಮಾತ್ರ ಆ ಮಿತಿಗೆ ತಲೆ ಹೊಡೆದುಕೊಳ್ಳುತ್ತಾರೆ.

ಈ ತಲೆಬಿಸಿಯೇ ಬೇಡ ಎಂದು ಕೆಡಿಇ ಬಳಗದವರು ಪದಗಳನ್ನೇ ಬಿಟ್ಟರು. ತಮ್ಮ ಲಿನಕ್ಸ್ ಡೆಸ್ಕ್‌ಟಾಪ್ ಪ್ಲಾಸ್ಮಾ 6.0ರ ಬೀಟಾಕ್ಕೆ 5.90 ಎಂದು ಸಂಖ್ಯೆ ಕೊಟ್ಟರು. ಬರಿಯ ಅಂಕಿ, ಯಾವ ಅಂಗಡಿಯಲ್ಲೂ ಸರದಿ ತಪ್ಪುವುದಿಲ್ಲ. ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನವರದ್ದು ತದ್ವಿರುದ್ಧ: ಬೆಸ ಸಂಖ್ಯೆ ಪ್ರಯೋಗಕ್ಕೆ, ಸಮ ಸಂಖ್ಯೆ ಬಿಡುಗಡೆಗೆ ಎಂಬ ಹಳೆಯ ರೂಢಿಯನ್ನು 2021ರಲ್ಲಿ 40ನೆಯ ಆವೃತ್ತಿಯೊಂದಿಗೆ ಬಿಟ್ಟು 40.ಆಲ್ಫಾ, 40.ಬೀಟಾ, 40.ಆರ್‌ಸಿ ಎಂದು ಬರೆಯತೊಡಗಿದರು. ಓದುವವರಿಗೆ ಅದು ಚಂದ, ಪ್ಯಾಕೇಜ್ ಕಟ್ಟುವವರಿಗೆ ಮಾತ್ರ ಟಿಲ್ಡೆ ಹಾಕುವ ಕೆಲಸ.

ಬಿಡುವ ಮುಂಚೆ, ತಪ್ಪಿದ ಮೇಲೆ

ಟ್ಯಾಗ್ ಹೊಡೆಯುವ ಮೊದಲು ಎರಡು ನಿಮಿಷದ ಪರೀಕ್ಷೆ ಸಾಕು. ಹಿಂದಿನ ಬಿಡುಗಡೆ, ಈಗಿನ ಬೀಟಾ, ಮುಂದಿನ ಬೀಟಾ, ಹನ್ನೊಂದನೆಯ ಬೀಟಾ, ಆರ್‌ಸಿ, ಅಸಲಿ ಬಿಡುಗಡೆ, ಈ ಆರನ್ನೂ ಆಯಾ ಅಂಗಡಿಯ ಸ್ವಂತ ಉಪಕರಣಕ್ಕೆ ಕೊಟ್ಟು ಹೋಲಿಸಿ. ಡೆಬಿಯನ್ನಿಗೆ ಡಿಪಿಕೆಜಿಯ ಕಂಪೇರ್-ವರ್ಷನ್ಸ್ ಉಂಟು. ಗಿಟ್‌ನ ಪಟ್ಟಿಯನ್ನು ನಂಬಬೇಡಿ. ಆವೃತ್ತಿಯ ಪ್ರಕಾರ ಜೋಡಿಸು ಎಂದರೂ ಅದು ಬಾಲ ಇರುವ 1.4.0-ಆರ್‌ಸಿ.1ನ್ನು 1.4.0ರ ನಂತರ ಇಡುತ್ತದೆ. ವರ್ಷನ್‌ಸಾರ್ಟ್ ಸೆಟ್ಟಿಂಗಿನಲ್ಲಿ ಆಲ್ಫಾ, ಬೀಟಾ, ಆರ್‌ಸಿ ಬಾಲಗಳನ್ನು ಒಂದೊಂದಾಗಿ ಹೇಳಿದರೆ ಮಾತ್ರ ಸರಿ. ಲಿನಕ್ಸಿನ ಸಾರ್ಟ್ ಆದೇಶವೂ ಅಡ್ಡಗೆರೆಯ ಮಟ್ಟಿಗೆ ಹಾಗೆಯೇ, ಟಿಲ್ಡೆ ಇದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಗಿಟ್‌ಹಬ್‌ನಲ್ಲಿ “ಪ್ರೀ-ರಿಲೀಸ್” ಎಂಬ ಚೌಕಕ್ಕೆ ಗುರುತು ಹಾಕಲು ಮರೆತರೆ ನಿಮ್ಮ ಬೀಟಾ “ಲೇಟೆಸ್ಟ್” ಎಂಬ ಪಟ್ಟಿ ಕಟ್ಟಿಕೊಂಡು ಮೇಲೆ ಕೂರಬಹುದು.

ಒಮ್ಮೆ ಹೊರಗೆ ಹೋದ ಹೆಸರನ್ನು ಮರುಬಳಸಬೇಡಿ. ಬೀಟಾ.2ರಲ್ಲಿ ತಪ್ಪು ಕಂಡು ಟ್ಯಾಗ್ ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಹೊಡೆದರೆ, ಹಳೆಯದನ್ನು ಎಳೆದುಕೊಂಡವರ ಬಳಿ ಒಂದು, ಹೊಸಬರ ಬಳಿ ಇನ್ನೊಂದು ಉಳಿಯುತ್ತದೆ. ಬಗ್ ರಿಪೋರ್ಟ್ ಯಾವುದರದ್ದೆಂದು ತಿಳಿಯುವುದಿಲ್ಲ. ಗೋ ಭಾಷೆಯಲ್ಲಂತೂ ಕೋಡಿನಿಂದ ಲೆಕ್ಕಹಾಕಿದ ಗುರುತಾದ ಚೆಕ್‌ಸಮ್ ಹೊಂದದೆ ಬಿಲ್ಡೇ ನಿಲ್ಲುತ್ತದೆ. ಪೈಪಿಐ ಮತ್ತು ಎನ್‌ಪಿಎಂ ಎರಡೂ ಅಳಿಸಿದ ಹೆಸರನ್ನು ತಿರುಗಿ ಕೊಡುವುದಿಲ್ಲ. ಬೀಟಾ.3 ಬಿಡಿ, ಅಂಕಿಗೇನೂ ದುಡ್ಡು ಕೊಡಬೇಕಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಸರದಿ ತಪ್ಪಿ, ಜನರ ಯಂತ್ರದಲ್ಲಿ ದೊಡ್ಡ ಸಂಖ್ಯೆಯ ಕೆಟ್ಟ ಆವೃತ್ತಿ ಕೂತಿದ್ದರೆ? ಡೆಬಿಯನ್ನಿನಲ್ಲಿ ಎರಡು ದಾರಿ. ಒಂದು ಎಪಕ್: ಸಂಖ್ಯೆಯ ಮುಂದೆ 1: ಎಂದು ಹಾಕಿದರೆ ಅದು ಉಳಿದೆಲ್ಲಕ್ಕಿಂತ ಹೊಸದಾಗುತ್ತದೆ. ಆದರೆ ಆ ಪ್ಯಾಕೇಜ್ ಇರುವವರೆಗೂ ಅದನ್ನು ತೆಗೆಯುವ ಹಾಗಿಲ್ಲ, ಹಚ್ಚೆಯ ಹಾಗೆ. ಇನ್ನೊಂದು “ರಿಯಲಿ” ಎಂಬ ರೂಢಿ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0, 5.6.1ರೊಳಗೆ ಕಳ್ಳಬಾಗಿಲು ಇದೆಯೆಂದು ಬಯಲಾದಾಗ ಡೆಬಿಯನ್‌ನವರು ಹಳೆಯ 5.4.5ಕ್ಕೆ ಮರಳಬೇಕಾಯಿತು. ಹಳೆಯ ಸಂಖ್ಯೆ ಕೊಟ್ಟರೆ ಯಾರ ಯಂತ್ರವೂ ಅದನ್ನು ಅಪ್‌ಡೇಟ್ ಎಂದು ತೆಗೆದುಕೊಳ್ಳದು. ಅವರು ಬಿಟ್ಟ ಪ್ಯಾಕೇಜಿನ ಹೆಸರು 5.6.1+ರಿಯಲಿ5.4.5-1. ಯಂತ್ರಗಳು ಇದನ್ನು 5.6.1ಕ್ಕಿಂತ ಹೊಸದೆಂದು ಓದಿ ಹಾಕಿಕೊಂಡವು. ಹೆಸರು ಓದಿದ ಮನುಷ್ಯರಿಗೆ ಒಳಗಿರುವುದು 5.4.5 ಎಂದು ಗೊತ್ತಾಯಿತು.